ತೇಗದ ಮರದ ಸುಳ್ಳು ಸುತ್ತುಗಳು

ಹಿಮಾಚಲದ ಬೆಟ್ಟಗಳಲ್ಲಿ ಹಿಮ ಕುಸಿದು ಬಂದಾಗ ದೇವದಾರು ಮರಗಳಿಗೆ ಗಾಯವಾಗುತ್ತದೆ. ಆ ಗಾಯ ಮರದೊಳಗಿನ ಎಷ್ಟನೇ ಸುತ್ತಿನಲ್ಲಿದೆ ಎಂದು ಎಣಿಸಿದರೆ ಹಿಮ ಯಾವ ವರ್ಷ ಕುಸಿಯಿತೆಂದು ಹೇಳಬಹುದು. ಅಲ್ಲಿ ವರ್ಷಕ್ಕೆ ಒಂದೇ ಸುತ್ತು. ಈ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ, ನನಗೆ ಕೊಂಬು ಮೂಡಿತ್ತು. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಅದು ನಾನೇ.

೧೯೯೯ರ ಮೇ ತಿಂಗಳಲ್ಲಿ ರಜೆಗೆಂದು ದೇವನೂರಿಗೆ ಬಂದಾಗ, ಗಾಳಿಗೆ ಬಿದ್ದ ಬದುವಿನ ತೇಗದ ಮರ ಯಾರದು ಎಂದು ಜಗಳ ನಡೆದಿತ್ತು. ಬದುವಿನ ಒಂದು ಕಡೆ ದೊಡ್ಡಸಿದ್ದಯ್ಯನವರ ಹೊಲ. ಅವರನ್ನು ನಾನು ಚಿಕ್ಕಂದಿನಿಂದ ದೊಡ್ಡಪ್ಪ ಅನ್ನುತ್ತೇನೆ. ಇನ್ನೊಂದು ಕಡೆ ಮಹದೇವಯ್ಯನವರದು. ಮರ ತಮ್ಮಪ್ಪ ನೆಟ್ಟದ್ದು ಅಂತ ಮಹದೇವಯ್ಯ. ದೊಡ್ಡಪ್ಪ ಊರವರ ಮುಂದೆ ಕೊರಳ ಲಿಂಗ ಮುಟ್ಟಿ, "ಈ ಒಲ ತಕ್ಕಂಡ್ ಐದ್ ವರ್ಸಕ್ಕೆ, ನನ್ ಮಗಳು ಉಟ್ಟಿದ್ ವರ್ಸ ನಾನೇ ನೆಟ್ಟಿದ್ದು. ಇಪ್ಪತ್ನಾಕ್ ವರ್ಸ ಆಯ್ತು" ಅಂದರು. ಲಿಂಗ ಮುಟ್ಟಿ ಆಡಿದ ಮಾತಿನ ಮೇಲೆ ನಮ್ಮಲ್ಲಿ ಇನ್ನೊಂದು ಮಾತಿಲ್ಲ.

ನಾನು ಸುಮ್ಮನಿರಬೇಕಿತ್ತು. "ಮರವನ್ನೇ ಕೇಳಾಣ" ಎಂದು ಬುಡ ಕೊಯ್ಯಿಸಿ, ಉಜ್ಜಿ, ಎಲ್ಲರೆದುರು ಎಣಿಸಿದೆ. ಮೂವತ್ತೇಳು ಸುತ್ತು. ಅಂದರೆ ದೊಡ್ಡಪ್ಪ ಹೊಲ ಕೊಳ್ಳುವುದಕ್ಕೂ ಎಂಟು ವರ್ಷ ಹಿಂದಿನ ಮರ. ದೊಡ್ಡಪ್ಪ ಲಿಂಗದ ಮೇಲಿನ ಕೈ ತೆಗೆದು ಎದ್ದು ಹೋದರು.

ಹೆಮ್ಮೆಗೆಂದು ಆ ಬುಡದಿಂದ ಒಂದು ಬಿಲ್ಲೆ ಕೊಯ್ಯಿಸಿ ಹಿಮಾಚಲಕ್ಕೆ ಒಯ್ದಿದ್ದೆ. ಸೂಕ್ಷ್ಮದರ್ಶಕದಲ್ಲಿ ಇಟ್ಟು ಮತ್ತೆ ಎಣಿಸಿದೆ. ಹದಿಮೂರು ಸುತ್ತುಗಳು ಸುಳ್ಳು. ನಮ್ಮಲ್ಲಿ ಮುಂಗಾರು, ಹಿಂಗಾರು ಎಂದು ಎರಡು ಮಳೆ. ನಡುವೆ ತೀರಾ ಒಣಗಿದ ವರ್ಷ ಮರ ಬೆಳೆಯುವುದನ್ನು ನಿಲ್ಲಿಸಿ, ಮತ್ತೆ ಮಳೆ ಬಿದ್ದಾಗ ಶುರುಮಾಡಿ, ಒಂದೇ ವರ್ಷದಲ್ಲಿ ಎರಡು ಸುತ್ತು ಹಾಕುತ್ತದೆ. ಹಿಮದ ಲೆಕ್ಕವನ್ನು ತಂದು ಎರಡು ಮಳೆಯ ಊರಿನ ಮರಕ್ಕೆ ಹಚ್ಚಿದ್ದೆ. ಅದೂ ಆ ಮಳೆಗಳಲ್ಲೇ ನೆನೆದು ಬೆಳೆದ ನಾನು!

ಕಾಗದ ಬರೆದೆ, ಹರಿದೆ. ಹೀಗೆ ಎರಡು ವರ್ಷ ಹೇಡಿಯಂತೆ ತಳ್ಳಿದೆ. ಕಡೆಗೊಮ್ಮೆ ಊರಿಗೆ ಹೋಗಿ, ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನ ಕಾಲು ಹಿಡಿದು, ಎಣಿಸಿದ್ದು ತಪ್ಪಾಗಿತ್ತು, ನೀವು ಹೇಳಿದ್ದೇ ನಿಜ ಎಂದೆ.

ಅವರು ಬಯ್ಯಲಿಲ್ಲ. "ಓದ್ದೋನು ನೀನು, ಸುಳ್ ಯಾಕ್ ಏಳಿಯೆ? ನಂಗೇ ಮರ್ತೋಗಿರ್ಬೇಕು ಅನ್ಕಂಡೆ. ಲಿಂಗ ಮುಟ್ಟಿ ಸುಳ್ಳಾಡ್ಬುಟ್ನಲ್ಲಾ ಅಂತ ನಂಜನಗೂಡ್ಗೆ ಓಗಿ ಉರುಳುಸೇವೆ ಮಾಡ್ದೆ ಕಣಪ್ಪ" ಅಂದರು.

ಅರವತ್ತೆಂಟು ವರ್ಷದ ಮನುಷ್ಯ, ಆಡದ ಸುಳ್ಳಿಗೆ ದೇವಸ್ಥಾನದ ಸುತ್ತ ಕಲ್ಲಿನ ಮೇಲೆ ಉರುಳಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅವರೇ ನನ್ನ ಕಡೆ ಬಗ್ಗಿ, ಒಳಗಿದ್ದವರಿಗೆ ಕೇಳಿಸದ ಹಾಗೆ ಕೇಳಿದರು:

"ಅಂಗಾರೆ ಆ ಮರ ನಾನೇ ನೆಟ್ಟಿದ್ನಾ, ಬಸವೇಶ? ಸರಿಯಾಗಿ ನೋಡ್ದ್ಯಾ?"