ಬಾಗಿಲಾಚೆಯ ತಮ್ಮ

"ಅಕ್ಕಾ, ನಾನು ಕಣೇ, ಟೋಬಿ. ಬಾಗಿಲು ತೆಗಿ."

ಡಾರ್ಕಸ್ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತುಬಿಟ್ಟಳು. ಊರಿನ ಮಾತು! ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಈ ಸರೋವರದ ದಂಡೆಗೆ ಬಂದ ಮೇಲೆ ಗಂಡನ ಬಾಯಲ್ಲಿ ಬಿಟ್ಟರೆ ತವರಾದ ಸಾಮರ್ಸೆಟ್ಟಿನ ಆ ರಾಗವನ್ನು ಅವಳು ಕೇಳಿರಲೇ ಇಲ್ಲ. ಕಣ್ಣು ತುಂಬಿ ಬಂತು.

ನಥಾನಿಯಲ್ ಆಗಲೇ ಪಿಸ್ತೂಲು ಕೈಗೆತ್ತಿಕೊಂಡಿದ್ದ. ಹಳೆಯ ರಾಜನಿಗೆ ಮರಣದಂಡನೆ ವಿಧಿಸಿದ ನ್ಯಾಯಾಧೀಶರಲ್ಲಿ ಅವನೂ ಒಬ್ಬ. ಆ ರಾಜನ ಮಗ ಇಂಗ್ಲೆಂಡಿಗೆ ಮರಳಿ ಪಟ್ಟವೇರಿದ್ದೇ ತಡ, ಗಂಡ ಹೆಂಡತಿ ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿದ್ದರು. ಅದಾಗಿ ಹತ್ತು ವರ್ಷ. ದೇಶ ಬಿಟ್ಟವರಿಗೆಲ್ಲ ಒಬ್ಬರಿಗೊಬ್ಬರೇ ಕಣ್ಣು, ಕಿವಿ. ರೋಟರ್‌ಡ್ಯಾಮಿನಲ್ಲಿದ್ದ ಗೆಳೆಯ ಮೊನ್ನೆಯಷ್ಟೇ ಚೀಸ್ ಮಾರುವವನ ಬಾಯಲ್ಲಿ ಹೇಳಿಕಳಿಸಿದ್ದ: ರಾಜನ ಕಡೆಯ ಕೊಲೆಗಡುಕರು ಹೊರಟಿದ್ದಾರೆ, ನೆಂಟರ ಸೋಗಿನಲ್ಲಿ ಬಂದು ಬಾಗಿಲು ತಟ್ಟುತ್ತಾರೆ, ಜೋಕೆ.

"ನನ್ನ ತಮ್ಮನ ದನೀನೇ ರೀ," ಡಾರ್ಕಸ್ ಪಿಸುಗುಟ್ಟಿದಳು.

"ಈ ಆಸೆಗೇ ನಮ್ಮೋರು ಸಾಯೋದು. ನಿಮ್ಮಿಬ್ಬರಿಗೇ ಗೊತ್ತಿರೋದು ಏನಾದ್ರೂ ಕೇಳು."

ಅವಳು ಬಾಗಿಲಿಗೆ ಹಣೆ ಒತ್ತಿದಳು. "ಚಳಿಗಾಲದಲ್ಲಿ ಚರ್ಚಿಗೆ ಹೊರಟಾಗ ಅಮ್ಮ ನಮ್ಮ ಜೇಬಿಗೆ ಏನು ಹಾಕೋಳು?"

ಸುಟ್ಟ ಸೇಬು. ಕೈ ಬೆಚ್ಚಗಿರಲೆಂದು ಬೂದಿಯಿಂದ ತೆಗೆದು ಬಟ್ಟೆ ಸುತ್ತಿ ಹಾಕುತ್ತಿದ್ದಳು. ಮರಳಿ ಬರುವಾಗ ಟೋಬಿ ತನ್ನದನ್ನು ತಿಂದು ಮುಗಿಸಿ ಅಕ್ಕನದಕ್ಕೂ ಕೈ ಹಾಕುತ್ತಿದ್ದ. ಇಲ್ಲಿಯ ಚಳಿಗಾಲಗಳನ್ನೆಲ್ಲ ಡಾರ್ಕಸ್ ಕಳೆದದ್ದೇ ಅದನ್ನು ನೆನೆದುಕೊಂಡು.

"ಜೇಬಿಗಾ?" ಹೊರಗಿನವನು ತಡವರಿಸಿದ. "ಏನು ಹಾಕೋಳೇ? ಪ್ರಾರ್ಥನೆ ಪುಸ್ತಕಾನಾ? ಥತ್, ಅಲ್ಲ. ದನ, ಹೊಲ, ಮಕ್ಕಳು ಅಂತ ಒದ್ದಾಡೋನಿಗೆ ಅದೆಲ್ಲ ಎಲ್ಲಿ ನೆನಪಿರತ್ತೆ? ಬೇರೆ ಏನಾದ್ರೂ ಕೇಳೇ."

"ಮುಗೀತಲ್ಲ," ಎಂದ ನಥಾನಿಯಲ್. "ಈ ಕಡೆ ಸರಿ."

ಅವಳಿಗೆ ಮೊದಲು ಸಿಟ್ಟು ಬಂತು. ಮರೆತೇಬಿಟ್ಟನೇ? ಆಮೇಲೆ ಅನ್ನಿಸಿತು: ಊರಲ್ಲೇ ಉಳಿದವನು ಅದನ್ನೆಲ್ಲ ಯಾಕೆ ನೆನಪಿಟ್ಟುಕೊಂಡಾನು?

"ಕೊಲ್ಲೋಕೆ ಬಂದೋನು ಎಲ್ಲಾ ಕಲ್ತುಕೊಂಡು ಬಂದಿರ್ತಿದ್ದ ರೀ. ಇವನು ಮರೆತೆ ಅಂತಾನೆ. ಇವನು ಟೋಬಿನೇ."

"ಅಲ್ಲದೇ ಹೋದ್ರೆ?"

ಡಾರ್ಕಸ್ ಅಗುಳಿ ಎತ್ತಿದಳು.

ಬೊಕ್ಕತಲೆಯ, ದಪ್ಪನೆಯ ಮನುಷ್ಯನೊಬ್ಬ ಟೋಪಿ ಹಿಡಿದು ನಿಂತಿದ್ದ. ಗುರುತೇ ಸಿಗಲಿಲ್ಲ. ಅವನೂ ಅವಳ ಬಿಳಿಗೂದಲನ್ನು ಬೆಪ್ಪಾಗಿ ನೋಡುತ್ತಿದ್ದ. ಅವಳ ಬೆನ್ನ ಹಿಂದೆ ಪಿಸ್ತೂಲು ಇನ್ನೂ ಇಳಿದಿರಲಿಲ್ಲ. ಬೂಟಿನ ತುಂಬ ಕೆಸರು ಮೆತ್ತಿಕೊಂಡಿದ್ದ ಅವನು ಹಾಗೆಯೇ ಹೊಸ್ತಿಲ ಮೇಲೆ ಹೆಜ್ಜೆಯಿಟ್ಟ.

"ಕಾಲು ಒರೆಸ್ಕೊಳ್ಳೋ, ಕತ್ತೆ!" ಎಂದಳು ಡಾರ್ಕಸ್. ಬಾಯಿಂದ ಹೊರಬಿದ್ದದ್ದು ಅಮ್ಮನ ಗದರಿಕೆಯೇ.

ಅವನು ತಟ್ಟನೆ ಹಿಂದೆ ಸರಿದ. ತಲೆ ತಗ್ಗಿಸಿ ಒಂದೊಂದೇ ಕಾಲನ್ನು ಮೆಟ್ಟಿಲಿಗೆ ಉಜ್ಜತೊಡಗಿದ, ಅಳುತ್ತ.