ಅತ್ತೆಗೆ ಗೊತ್ತಿಲ್ಲದ ಪಾಸ್‌ವರ್ಡ್

ಒಂದು ಕಾಲು ಗಿಡ್ಡವಿರುವವರಿಗೆ, ಬೆರಳು ಸೊಟ್ಟಗಾದವರಿಗೆ, ಅಪಘಾತದಲ್ಲಿ ಹಿಮ್ಮಡಿ ಪುಡಿಯಾದವರಿಗೆ ಅವಳು ಬೂಟು ಮಾಡಿಕೊಡುತ್ತಿದ್ದಳು. ಅಂಗಡಿಯ ಬೂಟಿಗೆ ಒಗ್ಗದ ಕಾಲುಗಳೆಲ್ಲ ಕೊನೆಗೆ ಅವಳ ಮನೆಯ ಮುಂಗೋಣೆಗೇ ಬರುತ್ತಿದ್ದವು. ಹದಿನಾಲ್ಕು ವರ್ಷಗಳಲ್ಲಿ ಅಳತೆ ತೆಗೆದ ಒಂಬೈನೂರು ಪಾದಗಳ ನಕ್ಷೆ ಮನೆಯ ಕಂಪ್ಯೂಟರಿನಲ್ಲಿತ್ತು.

ಮನೆಗೆಲ್ಲ ಅದೊಂದೇ ಕಂಪ್ಯೂಟರ್. ಬಸ್ ಓಡಿಸುವ ಗಂಡ ತನ್ನ ಪಾಳಿ ಯಾವಾಗ ಎಂದು ಅದರಲ್ಲೇ ನೋಡುತ್ತಿದ್ದ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದು ನಿವೃತ್ತರಾದ ಅತ್ತೆ ಅದರಲ್ಲಿ ಇಸ್ಪೀಟು ಆಡುತ್ತಿದ್ದರು, ತಂಗಿಯ ಮುಖ ನೋಡುತ್ತ ಹರಟುತ್ತಿದ್ದರು.

ಪಕ್ಕದ ಬೀದಿಯಲ್ಲಿ ಕಟ್ಟುಹಲ್ಲು ಮಾಡುವವನ ಕಂಪ್ಯೂಟರಿಗೆ ಯಾರೋ ಕಳ್ಳರು ನುಗ್ಗಿ, ಎಲ್ಲ ಕಡತಗಳಿಗೂ ಬೀಗ ಜಡಿದು, ಬಿಚ್ಚಲು ದುಡ್ಡು ಕೇಳಿದರು. ಸುದ್ದಿ ಇವಳ ಕಿವಿಗೂ ಬಿತ್ತು. ಅಂದೇ ಇಪ್ಪತ್ತೆರಡು ಅಕ್ಷರದ ಪಾಸ್‌ವರ್ಡ್ ಇಟ್ಟಳು. ಎರಡು ನಿಮಿಷ ಕೈಬಿಟ್ಟರೆ ಸಾಕು, ಪರದೆ ಮುಚ್ಚಿಕೊಂಡು ಮತ್ತೆ ಅದನ್ನೇ ಕೇಳುತ್ತಿತ್ತು.

ಮನೆಯವರು ರೋಸಿಹೋದರು. ಮೂರನೆಯ ದಿನ ನೋಡುತ್ತಾಳೆ, ಇಪ್ಪತ್ತೆರಡೂ ಅಕ್ಷರಗಳನ್ನು ದಪ್ಪಗೆ ಬರೆದ ಚೀಟಿ ಪರದೆಯ ಅಂಚಿಗೇ ಅಂಟಿಕೊಂಡಿದೆ!

"ಅತ್ತೆ, ಇದೇನಿದು?"

"ಇನ್ನೇನಮ್ಮಾ ಮಾಡ್ಲಿ? ನನ್ನ ತಂಗಿ ಹಲೋ ಅನ್ನೋಷ್ಟರಲ್ಲಿ ಇದು ಕಣ್ಣು ಮುಚ್ಚಿಕೊಳ್ಳುತ್ತೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಸಂಜೆ ಚರ್ಮ ಕತ್ತರಿಸುತ್ತ ಕೂತಾಗ ತಪ್ಪು ಅತ್ತೆಯದಲ್ಲ ಅನ್ನಿಸಿತು. ಕಚ್ಚುವ ಬೂಟನ್ನು ಯಾರು ತಾನೇ ಹಾಕಿಕೊಂಡಾರು? ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ಅವಳು ಮಾಡಿಟ್ಟದ್ದೂ ಅಂಥದ್ದೇ.

ಭಾನುವಾರ ಅತ್ತೆ, ಗಂಡ ಇಬ್ಬರನ್ನೂ ಕೂರಿಸಿಕೊಂಡು ಯಾರಿಗೆ ಏನು ಬೇಕೆಂದು ಕೇಳಿದಳು. ಮೂವರಿಗೂ ಬೇರೆ ಬೇರೆ ಖಾತೆ ಮಾಡಿದಳು. ಅತ್ತೆಗೂ ಗಂಡನಿಗೂ ನಾಲ್ಕು ಅಂಕಿ ಒತ್ತಿದರೆ ಸಾಕು, ಪರದೆಯೂ ಅರ್ಧ ಗಂಟೆ ತೆರೆದೇ ಇರುತ್ತದೆ. ಪಾದದ ನಕ್ಷೆಗಳು ಅವಳ ಖಾತೆಯಲ್ಲಿ ಮಾತ್ರ. ಆ ಖಾತೆ ತೆರೆಯಬೇಕಾದರೆ, ಇಲ್ಲವೇ ಹೊಸ ಪ್ರೋಗ್ರಾಮ್ ಏನನ್ನಾದರೂ ಕಂಪ್ಯೂಟರಿಗೆ ತುಂಬಿಸಬೇಕಾದರೆ ಮಾತ್ರ ಆ ಉದ್ದದ ಪಾಸ್‌ವರ್ಡ್ ಬೇಕು. ಅದನ್ನು ಬದಲಾಯಿಸಿ ತನ್ನ ತಲೆಯಲ್ಲೇ ಇಟ್ಟುಕೊಂಡಳು. ವಾರಕ್ಕೊಮ್ಮೆ ನಕ್ಷೆಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ವೈರು ಕಿತ್ತು, ಬೀರುವಿನಲ್ಲಿಡತೊಡಗಿದಳು.

"ಈಗ ಮನುಷ್ಯರು ಬದುಕೋ ಹಾಗಾಯ್ತು," ಎಂದರು ಅತ್ತೆ.

ತಿಂಗಳು ಕಳೆದಿರಲಿಲ್ಲ. ಒಂದು ಬೆಳಗ್ಗೆ ಅವಳು ಮುಂಗೋಣೆಯಲ್ಲಿ ನಿವೃತ್ತ ಮೇಷ್ಟರೊಬ್ಬರ ಪಾದದ ಅಳತೆ ತೆಗೆಯುತ್ತಿದ್ದಳು. ಒಳಗೆ ಫೋನ್ ಬಡಿದುಕೊಂಡಿತು. ಅತ್ತೆ ಎತ್ತಿದರು.

"ಮೇಡಂ, ಕಂಪ್ಯೂಟರ್ ರಿಪೇರಿ ವಿಭಾಗದಿಂದ. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ. ನಾನು ಹೇಳಿದ ಹಾಗೆ ಮಾಡಿ, ಐದೇ ನಿಮಿಷ."

ದನಿ ಬೆಣ್ಣೆಯಂತಿತ್ತು. ಅತ್ತೆ ಅವನು ಹೇಳಿದ್ದನ್ನೆಲ್ಲ ಒತ್ತುತ್ತ ಹೋದರು. ಕೊನೆಗೊಂದು ಚೌಕ ಮೇಲೆದ್ದು ಪಾಸ್‌ವರ್ಡ್ ಕೇಳಿತು. ನಾಲ್ಕು ಅಂಕಿ ಒತ್ತಿದರು, ಒಪ್ಪಲಿಲ್ಲ.

"ಇದು ಸೊಸೆಯದ್ದು ಕೇಳ್ತಿದೆ ಕಣಪ್ಪಾ. ನನಗೆ ಗೊತ್ತಿಲ್ಲ. ಇಲ್ಲೇ ಇದ್ದಾಳೆ, ಕರೀತೀನಿ."

"ಬೇಡ, ಬೇಡ! ಅವರನ್ನ ಕರೀಬೇಡಿ. ಎಲ್ಲಾದರೂ ಬರೆದಿಟ್ಟಿರ್ತಾರೆ, ಹುಡುಕಿ."

ಅತ್ತೆಯ ಕೈ ನಿಂತಿತು. ಮೂವತ್ತೊಂದು ವರ್ಷ ಕಿವಿಯಿಂದಲೇ ಜನರನ್ನು ಕಂಡವರು ಅವರು. ಬೆಣ್ಣೆಯಂಥ ದನಿ ಬಿರುಸಾದದ್ದು ಸೊಸೆಯ ಹೆಸರೆತ್ತಿದ ಮೇಲೆ.

"ಹುಡುಕ್ತೀನಿ. ಲೈನಲ್ಲೇ ಇರಿ," ಎಂದು ಫೋನನ್ನು ಮೇಜಿನ ಮೇಲಿಟ್ಟರು. ಕಂಪ್ಯೂಟರಿನ ಇಂಟರ್ನೆಟ್ ವೈರನ್ನು ಸರಕ್ಕನೆ ಎಳೆದು ಮುಂಗೋಣೆಗೆ ಬಂದರು. "ಒಳಗೆ ಒಬ್ಬ ಕಳ್ಳ ಇದ್ದಾನೆ. ಫೋನಲ್ಲಿ."

ಅವಳು ಅಳತೆಪಟ್ಟಿ ಬಿಸುಟು ಓಡಿದಳು. ಕಂಪ್ಯೂಟರಿನ ಕಡತಗಳನ್ನು ಒಂದೊಂದಾಗಿ ತಡಕಿ ನೋಡಿದಳು. ಆ ಚೌಕದಿಂದಾಚೆ ಏನೂ ದಾಟಿರಲಿಲ್ಲ. ಒಂಬೈನೂರು ಪಾದಗಳೂ ಇದ್ದಲ್ಲೇ ಇದ್ದವು. ಆದರೂ ಅನುಮಾನಕ್ಕೆ ಎಡೆ ಬೇಡವೆಂದು ಅತ್ತೆಯ ಖಾತೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದಳು. ಇಸ್ಪೀಟಿನಲ್ಲಿ ಗೆದ್ದ ಅಂಕಗಳಷ್ಟೇ ಹೋದವು.

ಅಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. ಅತ್ತೆ ಫೋನ್ ಕಿವಿಗಿಟ್ಟರು. ಅವನು ಇನ್ನೂ ಕಾಯುತ್ತಿದ್ದ!

"ಸಿಕ್ತಾ ಮೇಡಂ?"

ಅತ್ತೆ ಗಂಟಲು ಸರಿಮಾಡಿಕೊಂಡು ತಮ್ಮ ಹಳೆಯ ಕಚೇರಿಯ ದನಿಯಲ್ಲಿ ಹೇಳಿದರು: "ನೀವು ಮೋಸ ಮಾಡಲು ಬಯಸಿದ ಚಂದಾದಾರರು ಬುದ್ಧಿವಂತರಾಗಿದ್ದಾರೆ. ದಯವಿಟ್ಟು ಮತ್ತೆ ಪ್ರಯತ್ನಿಸಬೇಡಿ."

ಒಂದೇ ಕಾಲಿಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಮೇಷ್ಟರು ಬಿದ್ದು ಬಿದ್ದು ನಕ್ಕರು. ಅವಳು ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ಆ ಪಾಸ್‌ವರ್ಡ್ ನನಗೆ ಹೇಳದೆ ಒಳ್ಳೇದು ಮಾಡಿದೆ ಕಣೇ," ಎಂದರು ಅತ್ತೆ. "ಗೊತ್ತಿದ್ದಿದ್ರೆ ಆ ಬೆಣ್ಣೆ ಮಾತಿಗೆ ಕೊಟ್ಟುಬಿಡ್ತಿದ್ದೆ."

ಸಂಜೆ ಗಂಡ ಬಂದಾಗ ಅತ್ತೆ ಅದನ್ನು ಎರಡು ಸಲ ಹೇಳಿದರು. ಮಹಡಿಯ ಮೂರು ಮನೆಯವರಿಗೂ ಹೇಳಿ ಆಗಿತ್ತು. ಮರುದಿನ ಕಟ್ಟುಹಲ್ಲಿನವನು ನಾಚುತ್ತ ಬಂದು ಕೇಳಿದ, "ನಮ್ಮನೇಲೂ ಹೀಗೆ ಮಾಡಿಕೊಡ್ತೀರಾ?"

"ಅವಳಿಗೆ ಕೈತುಂಬ ಕೆಲಸ ಇದೆ," ಎಂದು ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು. "ಹೇಗೆ ಮಾಡೋದು ಅಂತ ನಾನು ನೋಡಿಕೊಂಡಿದ್ದೀನಿ. ನಡಿ."