ದ್ರಾಕ್ಷಿಗೆ ಹೊದಿಸಿದ ಊಜಿ ಬಲೆ

ಹನುಮಂತಮ್ಮನ ದ್ರಾಕ್ಷಿಗೆ ಕಡಜ ಬಿದ್ದವು. ಬೀಳದೆ ಇರುತ್ತವೆಯೆ? ಮೂರು ವರ್ಷ ನೀರು ಹೊತ್ತು ಬೆಳೆಸಿದ ಪುಟ್ಟ ಚಪ್ಪರ, ಮೊದಲ ಫಸಲು, ಗೊಂಚಲಿಗೆ ಸಿಹಿ ತುಂಬುವ ಹೊತ್ತು. ಕಡಜಗಳು ಸಿಪ್ಪೆ ಕೊರೆದು ರಸ ಹೀರುತ್ತಿದ್ದವು. ಕಚ್ಚಿದ ಹಣ್ಣು ಕೊಳೆತು ಪಕ್ಕದ್ದನ್ನೂ ಕೆಡಿಸುತ್ತಿತ್ತು. ಗಂಡ ಪುಟ್ಟಸ್ವಾಮಿ ಚನ್ನಪಟ್ಟಣದಿಂದ ಔಷಧಿ ತಂದು, ಇವತ್ತೇ ಹೊಡೆಯೋಣ ಎಂದ.

ಹೊಡೆಯುವುದು ಹೇಗೆ? ಬದುವಿನಾಚೆ ದೊಡ್ಡಲಕ್ಷ್ಮಮ್ಮನ ಹಿಪ್ಪುನೇರಳೆ ತೋಟ, ಗಾಳಿಯೂ ಅತ್ತಲೇ. ಔಷಧಿ ತಾಗಿದ ಸೊಪ್ಪು ತಿಂದರೆ ರೇಷ್ಮೆಹುಳ ಒಂದೂ ಉಳಿಯದು. ಹುಳ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಿದವೇ ಎಂದು ಪಕ್ಕದವರನ್ನು ಕೇಳಿ ಹೊಡೆಯುವುದು ಊರಿನ ರೂಢಿ. ಕೇಳಲು ಇವರಿಬ್ಬರಿಗೆ ಮಾತೇ ಇರಲಿಲ್ಲವಲ್ಲ! ಹೋದ ವರ್ಷ ದೊಡ್ಡಲಕ್ಷ್ಮಮ್ಮನ ಎಮ್ಮೆ ಬಳ್ಳಿಯ ಚಿಗುರು ಮೇಯ್ದಿತ್ತು. ಅಂದು ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿ, ಮಣ್ಣು ತೂರಿ ಶಪಿಸಿಕೊಂಡಿದ್ದರು.

ಹನುಮಂತಮ್ಮ ಡಬ್ಬಿಯನ್ನು ಅಟ್ಟಕ್ಕೆ ಏರಿಸಿಬಿಟ್ಟಳು. ಗಂಡ ಗೊಣಗಿದ. ಬೆಳಗೆದ್ದು ಒಬ್ಬಳೇ ತೂತು ಬಿದ್ದ ಹಣ್ಣು ಆರಿಸಿ ಎಸೆಯುವಾಗ ಅವಳಿಗೆ ಅಳು ಬರುತ್ತಿತ್ತು. ಅತ್ತಳು, ಆದರೆ ಔಷಧಿ ಮಾತ್ರ ಇಳಿಸಲಿಲ್ಲ.

ಒಂದು ಸಂಜೆ ದೊಡ್ಡಲಕ್ಷ್ಮಮ್ಮ ಗಂಟು ಹೊತ್ತು ಬದು ದಾಟಿ ಬಂದಳು. ಗಂಟಿನಲ್ಲಿದ್ದುದು, ರೇಷ್ಮೆಹುಳವನ್ನು ಕೊಲ್ಲುವ ಊಜಿ ನೊಣ ಒಳಗೆ ಬಾರದಂತೆ ಹುಳದ ಮನೆಯ ಕಿಟಕಿಗಳಿಗೆ ಕಟ್ಟುವ ಬಲೆ.

"ಹುಳ ಗೂಡು ಕಟ್ಕಂಡ್ವು. ನಂಗಿನ್ನು ಇದು ಬ್ಯಾಡ, ನಿನ್ ಹಣ್ಣಿಗೆ ಹೊದ್ಸು," ಎಂದಳು. ಆಮೇಲೆ ಮೆಲ್ಲಗೆ, "ಔಷ್ದಿ ವಾಸ್ನೆ ಬತ್ತದಾ ಅಂತ ದಿನಾ ಬದಿನ ಮೇಲೆ ನಿಂತಿರ್ತಿದ್ದೆ ಕಣಮ್ಮಿ. ಬರ್ಲೇ ಇಲ್ಲ."

"ಚಿಗುರು ಮೇದಿದ್ದು ಎಮ್ಮೆ," ಎಂದಳು ಹನುಮಂತಮ್ಮ. "ಹುಳ ಪಾಪ ಏನ್ ಮಾಡಿದ್ವು?"

ದೊಡ್ಡಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಬ್ಬರೂ ಸೇರಿ ಬಲೆ ಹೊದಿಸಿದರು. ಅರ್ಧ ಚಪ್ಪರಕ್ಕೇ ಮುಗಿಯಿತು. ಉಳಿದರ್ಧಕ್ಕೆ ಹಳೇ ಸೀರೆಗಳನ್ನು ಕಟ್ಟಿದರು. ಹನುಮಂತಮ್ಮ ಒಳ್ಳೆಯ ಗೊಂಚಲೊಂದನ್ನು ಕಿತ್ತುಕೊಟ್ಟರೆ ಆಕೆ ಅದನ್ನು ಪಕ್ಕಕ್ಕಿಟ್ಟು, ಕಡಜ ಕಚ್ಚಿದ ಹಣ್ಣನ್ನೇ ಆರಿಸಿ ಬಾಯಿಗೆ ಹಾಕಿಕೊಂಡಳು. ಯಾವುದು ಸಿಹಿಯೆಂದು ಕಡಜಕ್ಕೆ ಚೆನ್ನಾಗಿ ಗೊತ್ತು ಎಂದು ನಕ್ಕಳು.

ಹೊರಗಿನವರ ದೃಷ್ಟಿ ತಾಗೀತೆಂದು ಹುಳದ ಮನೆಯ ಹೊಸಿಲಿಗೆ ದೊಡ್ಡಲಕ್ಷ್ಮಮ್ಮ ಸ್ವಂತ ನಾದಿನಿಯನ್ನೂ ಸೇರಿಸಿದವಳಲ್ಲ.

"ಬಾ," ಎಂದಳು ಈಗ, "ಗೂಡು ನೋಡೀವಂತೆ."

ಹನುಮಂತಮ್ಮ ಬಾವಿಯ ಬಳಿ ಕೈಕಾಲು ತೊಳೆದುಕೊಂಡು ಅವಳ ಹಿಂದೆ ಹೊರಟಳು.